ಆಂಬುಲೆನ್ಸ್ ಅಂಗಳಕ್ಕೆ ಬರಬೇಕೇ? ಮೊದಲು ದಾರಿಯ ಕಾಗದ ಸರಿಮಾಡಿ

ಮೂರು ವರ್ಷದ ಹಿಂದಿನ ಆಟಿ ತಿಂಗಳು, ಜುಲೈ–ಆಗಸ್ಟಿನ ಜೋರು ಮಳೆಗಾಲ. ರಾತ್ರಿ 11ರ ಹೊತ್ತಿಗೆ ಅತ್ತೆಗೆ ಎದೆನೋವು ಶುರುವಾಯಿತು. 108ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್ ಬಂತು, ಆದರೆ ತೋಡಿನ (ಹಳ್ಳದ) ಆಚೆ ದಡದಲ್ಲೇ ನಿಂತಿತು. ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ, ನಾಲ್ಕು ಮಂದಿ ಅತ್ತೆಯನ್ನು ಹೊತ್ತುಕೊಂಡು ಅಡಿಕೆ ಮರದ ಕಾಲುಸಂಕ ದಾಟಿಸಿದರು. ಟಾರ್ಚ್ ಹಿಡಿದ ನನ್ನ ಕೈ ನಡುಗುತ್ತಿತ್ತು. ಅತ್ತೆ ಉಳಿದರು. ಮರುವಾರವೇ ನಾವು ತೋಡಿಗೆ ಸಂಕ (ಸೇತುವೆ), ಮನೆವರೆಗೆ ದಾರಿ ಬೇಕೆಂದು ಪಂಚಾಯತಿಗೆ ಅರ್ಜಿ ಬರೆದೆವು.

ಅರ್ಜಿ ವಾಪಸ್ ಬಂತು. ದುಡ್ಡಿಲ್ಲ ಎಂದಲ್ಲ, ನಮ್ಮ ದಾರಿ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲೇ ಇರಲಿಲ್ಲ! ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಕಡೆಯ ಗುಡ್ಡೆ ಮನೆಗಳವರು ಈ ಒಂದು ವಿಷಯ ಮೊದಲೇ ತಿಳಿದಿದ್ದರೆ ಒಂದು ವರ್ಷ ಉಳಿಯುತ್ತದೆ.

ಹಾಗಾಗಿ ಮೊದಲ ಕೆಲಸ ಜಾಗ. ಖಾಸಗಿ ಜಾಗದ ಮೇಲೆ ಸರ್ಕಾರದ ಹಣ ಹಾಕುವುದಿಲ್ಲ. ದಾರಿ ಯಾರ ಯಾರ ಸರ್ವೆ ನಂಬರಿನಲ್ಲಿ ಹೋಗುತ್ತದೆ ಎಂದು ವಿಲ್ಲೇಜ್ ಆಫೀಸಿನಲ್ಲಿ ಕೇಳಿ, ನಕ್ಷೆ ತೆಗೆಸಿ. ಪ್ರತಿ ಮನೆಯವರೂ ಜಾಗವನ್ನು ಪಂಚಾಯತಿಗೆ ಬರವಣಿಗೆಯಲ್ಲೇ ಬಿಟ್ಟುಕೊಡಬೇಕು. ಬಾಯಿಮಾತು ಸಾಲದು. ನಮ್ಮಲ್ಲಿ ಒಬ್ಬರು ಒಪ್ಪಲೇ ಇಲ್ಲ. 14 ಅಡಿಕೆ ಮರ ಹೋಗುತ್ತದೆ ಎಂಬ ಲೆಕ್ಕ ಅವರದ್ದು. ಒಂದು ಭಾನುವಾರ ಟೇಪ್ ಹಿಡಿದು ಅಳೆದು, ಎರಡೂ ಬದಿಗೆ ಹಗ್ಗ ಕಟ್ಟಿ ತೋರಿಸಿದೆವು. ಹಗ್ಗದೊಳಗೆ ಇದ್ದದ್ದು 5 ಮರ. ಅಲ್ಲೇ ಜಗಲಿಯಲ್ಲಿ ಕೂತು ಸಹಿ ಹಾಕಿದರು. ಜಗಳಕ್ಕಿಂತ ಹಗ್ಗ ಜಾಸ್ತಿ ಕೆಲಸ ಮಾಡುತ್ತದೆ. ಆಮೇಲೆ ದಾರಿ ರಿಜಿಸ್ಟರಿಗೆ ಸೇರಿತೇ ಎಂದು ನೀವೇ ಹೋಗಿ ಕಣ್ಣಾರೆ ನೋಡಿ.

ಎರಡನೆಯದು ಸಾಕ್ಷಿ. ಬೇಸಗೆಯಲ್ಲಿ ಬಂದು ನೋಡಿದವರಿಗೆ ತೋಡು ಒಣಗಿ ಕಾಣುತ್ತದೆ, 'ಇಲ್ಲಿ ಸಂಕ ಯಾಕೆ' ಅನಿಸುತ್ತದೆ. ಜುಲೈ ಮಳೆಯಲ್ಲೇ ಫೋಟೋ ತೆಗೆಯಿರಿ, ತಾರೀಕು ಕಾಣಲಿ. ಆಚೆ ಇರುವ ಮನೆಗಳೆಷ್ಟು, ಮಂಚ ಹಿಡಿದವರು, ಗರ್ಭಿಣಿಯರು, ಶಾಲೆ ಮಕ್ಕಳು ಎಷ್ಟು, ಯಾವ ದಿನ ಯಾರನ್ನು ಹೊತ್ತು ಸಾಗಿಸಿದ್ದು – ಒಂದೇ ಹಾಳೆಯಲ್ಲಿ ಬರೆಯಿರಿ. ಆಸ್ಪತ್ರೆ ಚೀಟಿ ಇದ್ದರೆ ಪ್ರತಿ ಲಗತ್ತಿಸಿ.

ಮೂರನೆಯದು ಗ್ರಾಮಸಭೆ. ಕೇರಳದಲ್ಲಿ ಇದು ವಾರ್ಡಿಗೊಂದು, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, ಮತದಾರರಲ್ಲಿ ನೂರಕ್ಕೆ 10 ಮಂದಿ ಬೇಕು. ಸುಮ್ನೆ ಮೆಂಬರಿಗೆ ಹೇಳಿ ಬಿಡಬೇಡಿ. ಆಚೆ ದಡದ ಮನೆಯವರೆಲ್ಲ ಹೋಗಿ, ನಿಮ್ಮ ಬೇಡಿಕೆ ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಓದಿಸಿಯೇ ಏಳಿ. ನಂತರ ಪಂಚಾಯತಿನ ಎಂಜಿನಿಯರರಿಂದ ಎಸ್ಟಿಮೇಟ್ ಮಾಡಿಸಿ. ಆಂಬುಲೆನ್ಸ್ ಬಂದರೆ ಸಾಲದು, ತಿರುಗಿಸಲೂ ಜಾಗ ಬೇಕು ಅಲ್ವಾ? ಅದನ್ನೂ ಸೇರಿಸಲು ಹೇಳಿ.

ಎಸ್ಟಿಮೇಟ್ ಕೈಗೆ ಬಂದ ಮೇಲಷ್ಟೇ ಯಾರನ್ನು ಕೇಳುವುದು ಎಂಬ ಪ್ರಶ್ನೆ. ಸಣ್ಣ ಮೋರಿ, ಸ್ವಲ್ಪ ಕಾಂಕ್ರೀಟು ಪಂಚಾಯತಿನ ಯೋಜನಾ ನಿಧಿಯಲ್ಲೇ ಆಗಬಹುದು. ಅದಕ್ಕಿಂತ ದೊಡ್ಡದಕ್ಕೆ ಬ್ಲಾಕ್ ಅಥವಾ ಜಿಲ್ಲಾ ಪಂಚಾಯತು, ಶಾಸಕರ ನಿಧಿ. ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ ಇದೆ. ಅದರಲ್ಲಿ ನೂರಕ್ಕೆ 15 ಪರಿಶಿಷ್ಟ ಜಾತಿ, 7.5 ಪರಿಶಿಷ್ಟ ಪಂಗಡದವರಿರುವ ಪ್ರದೇಶಕ್ಕೆ. ನಿಮ್ಮ ದಾರಿ ಅಂಥ ಪ್ರದೇಶಕ್ಕೆ ಹೋಗುವುದಾದರೆ ಅರ್ಜಿಯ ಮೊದಲ ಸಾಲಲ್ಲೇ ಹೇಳಿ. ದೊಡ್ಡ ಸೇತುವೆಯಾದರೆ, ಜಿಲ್ಲೆಯ ಅಭಿವೃದ್ಧಿಯ ಬಗ್ಗೆ ಅಧ್ಯಯನ ಮಾಡಿದ ಪ್ರಭಾಕರನ್ ಆಯೋಗದ ವರದಿಯಿಂದ ಹುಟ್ಟಿದ ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಇದೆ, ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವನ್ನೂ ಕೇಳಬಹುದು. ಆ ಹಣ ಯಾವುದಕ್ಕೆಲ್ಲ ಬಳಸಬಹುದು ಎಂಬ 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಗ್ರಾಮೀಣ ಅಭಿವೃದ್ಧಿ ಇದೆ. ಒಂದೇ ಕೆಲಸಕ್ಕೆ ಎರಡು ಕಡೆ ಕೇಳುವಾಗ ಇಬ್ಬರಿಗೂ ತಿಳಿಸಿ. ಮುಚ್ಚಿಟ್ಟರೆ ಎರಡೂ ನಿಲ್ಲುತ್ತದೆ.

ಅರ್ಜಿ ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮಗೆ ಆ ಹಕ್ಕು ಕೊಟ್ಟಿದೆ. ಕಡತ ಬೇಗ ಸರಿಯಲಿ ಎಂದಿದ್ದರೆ ಮಲಯಾಳದ ಪ್ರತಿಯೊಂದನ್ನು ಜೊತೆಗಿಡಿ. ಕೊಟ್ಟ ಕೂಡಲೇ ರಶೀದಿ ತೆಗೆದುಕೊಳ್ಳಿ. ನಮ್ಮ ರಶೀದಿಯನ್ನು ಅತ್ತೆಯೇ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದಾರೆ. ತಿಂಗಳ ಹಾಳೆ ತಿರುವಿದ ದಿನ ತೆಗೆದು ಕೈಗೆ ಕೊಟ್ಟು, "ಹೋಗಿ ಕೇಳಿ ಬಾ ಮಗಾ" ಎನ್ನುತ್ತಾರೆ.