‘ಮಾಂತೇಕಾ’ ಎಂದರೆ ಬೆಣ್ಣೆಯಲ್ಲ: ಮೆಕ್ಸಿಕೋದಲ್ಲಿ ಉಣ್ಣಲಿರುವವರಿಗೆ

ಗ್ವಾಡಲಹಾರಕ್ಕೆ ಕೆಲಸದ ಮೇಲೆ ಬರುವ ನಮ್ಮ ಹುಡುಗರು, ಅವರನ್ನು ನೋಡಿಹೋಗಲು ಬರುವ ಅಪ್ಪ ಅಮ್ಮಂದಿರು, ಎಲ್ಲರೂ ಏಳು ವರ್ಷದ ಹಿಂದೆ ನಾನು ಬಿದ್ದ ಹಳ್ಳಕ್ಕೇ ಸಾಲಾಗಿ ಬಂದು ಬೀಳುತ್ತಿದ್ದಾರೆ. ಸಮಾಧಾನ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ನಲ್ಲಿ ನೀರು ಕುಡಿಯಬಾರದೆಂದು ನಿಮಗೆ ಗೊತ್ತಿದೆ, ಟಾಕೋ ಎಂದರೇನೆಂದೂ ಗೊತ್ತಿದೆ. ಆದ್ದರಿಂದ ನೇರವಾಗಿ ಹಳ್ಳದ ಬಳಿಗೇ ಹೋಗೋಣ.

ಬಂದ ಮೊದಲ ವರ್ಷದ ದೀಪಾವಳಿ. ಹತ್ತು ಮನೆಯವರು ಸೇರುವುದೆಂದಾಯಿತು, ತಿಂಡಿಯ ಹೊಣೆ ನನ್ನ ತಲೆಗೆ ಬಂತು. ಮಾರುಕಟ್ಟೆಯಲ್ಲಿ ತಮಾಲೆ ಮಾರುವ ಅಜ್ಜಿ ಹಬೆಪಾತ್ರೆಯ ಮುಚ್ಚಳ ತೆಗೆದಾಗ ನನಗೆ ಕಂಡದ್ದು ಸಾಕ್ಷಾತ್ ಕೊಟ್ಟೆ ಕಡುಬು. ಹಲಸಿನೆಲೆಯ ಬದಲು ಮುಸುಕಿನ ಜೋಳದ ಆ ಮುಸುಕನ್ನೇ ಸುತ್ತಿ ಬೇಯಿಸಿದ ಹಿಟ್ಟು. ‘ಸಿನ್ ಕಾರ್ನೆ’, ಮಾಂಸವಿಲ್ಲದ್ದು ಬೇಕು ಎಂದೆ. ಮೆಣಸಿನಕಾಯಿಯ ಸೀಳು ಮತ್ತು ಚೀಸ್ ತುಂಬಿದ್ದನ್ನು ತೋರಿಸಿದಳು, ಗುಲಾಬಿ ಬಣ್ಣದ ಸಿಹಿಯನ್ನೂ ತೋರಿಸಿದಳು. ಇಷ್ಟು ಮೆತ್ತಗಾಗಲು ಏನು ಹಾಕುತ್ತೀರಿ ಎಂದು ಕೇಳಿದೆ. ‘ಮಾಂತೇಕಾ’ ಎಂದಳು, ಹೆಮ್ಮೆಯಿಂದ. ಮೊಬೈಲಿನಲ್ಲಿ ಅರ್ಥ ನೋಡಿದೆ: ಬೆಣ್ಣೆ. ಅರವತ್ತು ಕಟ್ಟಿಸಿಕೊಂಡೆ.

ಹಬ್ಬದ ಸಂಜೆ ಎಲ್ಲರೂ ಬಾಯಿ ಚಪ್ಪರಿಸಿ ತಿಂದರು. ಶಿವಮೊಗ್ಗದ ಕಡೆಯ ಹಿರಿಯರೊಬ್ಬರು ಮೂರನೆಯದನ್ನು ಬಿಚ್ಚುತ್ತಾ ಬೆಣ್ಣೆಯ ಹದವನ್ನು ಹೊಗಳುತ್ತಿದ್ದರು. ಆಗ ದೀಪ ನೋಡಲು ಬಂದ ಪಕ್ಕದ ಮನೆಯಾಕೆ ಒಂದನ್ನು ತಿಂದು, ಮಾಂತೇಕಾ ಚೆನ್ನಾಗಿದೆ ಎಂದಳು. ‘ಹಸುವಿನದು’ ಎಂದೆ ನಾನು. ಆಕೆ ನಕ್ಕು, ತೋರುಬೆರಳಿನಿಂದ ತನ್ನ ಮೂಗಿನ ತುದಿಯನ್ನು ಮೇಲಕ್ಕೊತ್ತಿ ಗುರ್ ಗುರ್ ಎಂದಳು. ಅನುವಾದಕ್ಕೆ ಮೊಬೈಲ್ ಬೇಕಾಗಲಿಲ್ಲ. ಹಿರಿಯರು ಬಚ್ಚಲಿಗೆ ಎದ್ದುಹೋದರು. ಮಿಕ್ಕ ಮೂವತ್ತೆಂಟು ತಮಾಲೆಗಳು ಗೇಟಿನ ಕಾವಲುಗಾರನ ಮನೆ ಸೇರಿದವು. ರಾತ್ರಿ ಹತ್ತಕ್ಕೆ ನನ್ನ ಖರ್ಚಿನಲ್ಲಿ ಹತ್ತು ಮನೆಗೂ ಪಿಜ್ಜಾ ಬಂತು.

ಮೊಬೈಲ್ ಸುಳ್ಳು ಹೇಳಿರಲಿಲ್ಲ. ಅರ್ಜೆಂಟೀನಾದ ಸ್ಪ್ಯಾನಿಷಿನಲ್ಲಿ ಮಾಂತೇಕಾ ಎಂದರೆ ಬೆಣ್ಣೆಯೇ. ಮೆಕ್ಸಿಕೋದಲ್ಲಿ ಅದು ಹಂದಿಯ ಕೊಬ್ಬು, ಬೆಣ್ಣೆಗೆ ಇಲ್ಲಿ ‘ಮಾಂತೇಕಿಯಾ’. ಆ ಕೊಬ್ಬು ನೀವು ಅನುಮಾನಿಸದ ಕಡೆಗಳಲ್ಲೇ ಕುಳಿತಿರುತ್ತದೆ: ನುಣ್ಣಗೆ ಅರೆದು ಹುರಿದ ಹುರುಳಿಕಾಯಿ ಬೀಜದ ಪಲ್ಯದಲ್ಲಿ, ಟೋರ್ಟಿಯಾ ಎಂಬ ತೆಳು ರೊಟ್ಟಿಗಳಲ್ಲಿ ಮೈದಾದ್ದರಲ್ಲಿ, ಕೆಲವು ಸಿಹಿ ಬ್ರೆಡ್ಡುಗಳಲ್ಲಿ. ಟೊಮೇಟೊ ಹಾಕಿದ ಕೆಂಪು ಅನ್ನದಲ್ಲಿ ಅದು ಅಪರೂಪ, ಆದರೆ ಅಕ್ಕಿ ಬೆಂದಿರುವುದು ಬಹುಮಟ್ಟಿಗೆ ಕೋಳಿ ಬೇಯಿಸಿದ ನೀರಿನಲ್ಲಿ. ಇನ್ನು ‘ಕಾರ್ನೆ’ ಎಂದಾಗ ಇಲ್ಲಿನವರ ಮನಸ್ಸಿಗೆ ಮೊದಲು ಬರುವುದು ದನದ ಮಾಂಸ. ಕಾರ್ನೆ ಬೇಡ ಎಂದವರ ತಟ್ಟೆಗೆ ಕೋಳಿಯೋ ಹಂದಿಯ ಹ್ಯಾಮ್ ಚೂರೋ ಬಂದರೆ ಅದರಲ್ಲಿ ಮೋಸವೇನೂ ಇಲ್ಲ. ‘ಪ್ಯೂರ್ ವೆಜ್’ ಎಂಬ ಫಲಕ ನೋಡಿ ಕಣ್ಣು ಮುಚ್ಚಿ ಒಳಗೆ ಹೋಗುವ ನಮ್ಮ ಸುಖ ಇಲ್ಲಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ವ್ಯವಸ್ಥೆಯೇ ಮೇಲು ಎಂದು ಯಾರ ಎದುರಿಗಾದರೂ ವಾದಿಸುತ್ತೇನೆ.

ಹಾಗಾಗಿ ‘ನಾನು ಸಸ್ಯಾಹಾರಿ’ ಎಂಬ ಘೋಷಣೆಯನ್ನು ನಂಬಿ ಕೂರಬೇಡಿ, ಒಂದೊಂದನ್ನೇ ಹೆಸರಿಸಿ ಕೇಳಿ. ‘ಯೇವಾ ಮಾಂತೇಕಾ?’ ಇದರಲ್ಲಿ ಕೊಬ್ಬು ಇದೆಯೇ? ‘ಯೇವಾ ಕಾಲ್ದೋ ದೆ ಪೋಯೋ?’ ಕೋಳಿಯ ಸಾರು ಇದೆಯೇ? ಮುಖ ನೋಡುತ್ತಾ ಕೇಳಿ. ಉತ್ತರಕ್ಕೆ ಮೊದಲು ಮಾರುವಾಕೆ ಒಂದು ಕ್ಷಣ ತಡೆದರೆ ಇದೆ ಎಂದೇ ತಿಳಿಯಿರಿ. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ವ್ರತದ ಕಾಲದಲ್ಲಿ ಬಂದರೆ ನಿಮ್ಮ ಅದೃಷ್ಟ. ಆಗ ಶುಕ್ರವಾರಗಳಂದು ಮಾಂಸ ಬಿಡುವವರಿಗಾಗಿ ಆಲೂಗಡ್ಡೆ, ಚೀಸ್, ಪಾಪಸುಕಳ್ಳಿಯ ಅಡುಗೆಗಳು ಎಲ್ಲೆಡೆ ಸಿಗುತ್ತವೆ, ಮೀನು ಸೀಗಡಿಯ ಮೇಲೆ ಮಾತ್ರ ಕಣ್ಣಿಟ್ಟಿರಿ. ಮಾಂಸ ತಿನ್ನುವವರು ಇದನ್ನೆಲ್ಲ ಮರೆಯಬಹುದು, ನಿಮ್ಮ ಅತ್ತೆಯವರು ಬಂದಿಳಿಯುವವರೆಗೆ.

ನಿಶ್ಚಿಂತೆಯಿಂದ ತಿನ್ನಬಹುದಾದದ್ದು ಜೋಳದ ಟೋರ್ಟಿಯಾ. ಮುಸುಕಿನ ಜೋಳ, ನೀರು, ಸುಣ್ಣ, ಇಷ್ಟೇ. ಹೌದು, ಸುಣ್ಣ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಸಿಪ್ಪೆ ಕಳೆದು ಅರೆಯುತ್ತಾರೆ. ಹಿಟ್ಟಿಗೆ ಅಂಟು ಬರುವುದೂ ಜೋಳದಲ್ಲಿರುವ ನಯಾಸಿನ್ ಎಂಬ ವಿಟಮಿನ್ ಮೈಗೆ ಹತ್ತುವುದೂ ಅದರಿಂದಲೇ. ಸಾವಿರಾರು ವರ್ಷಗಳ ವಿದ್ಯೆ ಇದು. ಬೀದಿಗೊಂದು ಟೋರ್ಟಿಯಾ ಅಂಗಡಿ ಇರುತ್ತದೆ, ಕೆ.ಜಿ. ಲೆಕ್ಕದಲ್ಲಿ ಬಿಸಿಬಿಸಿಯಾಗಿ ತೂಗಿಕೊಡುತ್ತಾರೆ. ಒಂದು ಬಟ್ಟೆ ಒಯ್ಯಿರಿ. ನಾನು ವಿಜಯಪುರದವನು, ರೊಟ್ಟಿಯ ವಿಷಯದಲ್ಲಿ ಸುಲಭಕ್ಕೆ ಸೋಲುವವನಲ್ಲ. ಆ ಬಟ್ಟೆಯ ಗಂಟು ಬಿಚ್ಚಿದಾಗ ಏಳುವ ವಾಸನೆಗೆ ಸೋತಿದ್ದೇನೆ.

ಎರಡನೆಯ ಹಳ್ಳ, ಊಟದ ಹೊತ್ತು. ಇಲ್ಲಿ ದೊಡ್ಡ ಊಟ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ. ‘ಫೋಂದಾ’ ಎಂಬ ಸಣ್ಣ ಖಾನಾವಳಿಗಳಲ್ಲಿ ‘ಕೊಮೀದಾ ಕೊರ್ರೀದಾ’ ಕೇಳಿದರೆ ಸೂಪು, ಅನ್ನ, ಒಂದು ಬೇಯಿಸಿದ ಪದಾರ್ಥ, ಟೋರ್ಟಿಯಾ, ಹಣ್ಣಿನ ಪಾನಕ ಒಂದೇ ದರಕ್ಕೆ ಬರುತ್ತದೆ. ಅನ್ನವನ್ನು ‘ಒಣ ಸೂಪು’ ಎನ್ನುವುದೂ ಉಂಟು, ಗಾಬರಿಯಾಗಬೇಡಿ. ಸಂಜೆ ಏಳಕ್ಕೆ ಹಸಿದು ಹೋದರೆ ಕದ ಹಾಕಿರುತ್ತದೆ. ನಾನು ತಿಂಗಳುಗಟ್ಟಲೆ ಪ್ರವಾಸಿಗರ ಹೋಟೆಲಿನಲ್ಲಿ ಮೂರು ಪಟ್ಟು ತೆತ್ತು ಉಂಡೆ. ದರಪಟ್ಟಿಯ ಡಾಲರ್ ಚಿಹ್ನೆ ಇಲ್ಲಿನ ಹಣವಾದ ಪೆಸೋದ್ದು ಎಂದು ತಿಳಿಯದೆ ಬಾಗಿಲಿನಿಂದಲೇ ಓಡಿದವರೂ ಇದ್ದಾರೆ.

ಉಂಡಾದ ಮೇಲೆ ಬಿಲ್ಲು ತಾನಾಗಿ ಬರುವುದಿಲ್ಲ. ಕೇಳದೆ ಬಿಲ್ಲು ತಂದಿಡುವುದೆಂದರೆ ಎದ್ದುಹೋಗಿ ಎಂದಂತೆ. ಅರ್ಧ ಗಂಟೆ ಕಾದು ಮಾಣಿಯನ್ನು ಬೈದುಕೊಳ್ಳುವ ಬದಲು ‘ಲಾ ಕುಯೆಂತಾ, ಪೋರ್ ಫಾವೋರ್’ ಎನ್ನಿ. ಶೇ. 10ರಿಂದ 15ರಷ್ಟು ಭಕ್ಷೀಸು ರೂಢಿ, ಕಾನೂನಿನ ಕಡ್ಡಾಯವಿಲ್ಲ. ಮೊದಲೇ ಸೇರಿಸಿದ್ದಾರೆಯೇ ಎಂದು ನೋಡಿ ಕೊಡಿ. ರಸ್ತೆಬದಿಯ ಟಾಕೋ ಗಾಡಿಯದು ಇನ್ನೂ ಚೆಂದ. ತಟ್ಟೆಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಕೊಡುತ್ತಾರೆ, ಬೇಕಾದಷ್ಟು ತಿಂದು ಕೊನೆಗೆ ಎಷ್ಟು ತಿಂದಿರೆಂದು ನೀವೇ ಹೇಳಬೇಕು. ಮೊದಲು ದುಡ್ಡು ಕೊಟ್ಟು ಟೋಕನ್ ಹಿಡಿದು ನಿಲ್ಲುವ ನಮ್ಮ ದರ್ಶಿನಿಗಳಿಗಿಂತ ಈ ನಂಬಿಕೆಯ ಲೆಕ್ಕ ನನಗೆ ಇಷ್ಟ.

ರಾಜಧಾನಿ ಮೆಕ್ಸಿಕೋ ಸಿಟಿಗೆ ಹೋದರೆ ಇನ್ನೊಂದು ತಮಾಷೆ. ಟೋರ್ಟಿಯಾ ಮಡಿಸಿ ಒಳಗೆ ಹೂರಣ ತುಂಬಿದ ತಿಂಡಿಗೆ ಕೆಸಾದೀಯಾ ಎನ್ನುತ್ತಾರೆ; ಆ ಹೆಸರಿನಲ್ಲೇ ‘ಕೇಸೋ’, ಅಂದರೆ ಚೀಸ್ ಇದೆ. ಆದರೂ ಅಲ್ಲಿ ‘ಕೋನ್ ಕೇಸೋ’ ಎಂದು ಕೇಳದಿದ್ದರೆ ಚೀಸ್ ಬರುವುದು ಖಾತ್ರಿಯಿಲ್ಲ. ಉಳಿದ ಊರಿನವರು ಇದಕ್ಕಾಗಿ ರಾಜಧಾನಿಯವರನ್ನು ಆಡಿಕೊಳ್ಳುತ್ತಾರೆ. ನೀವು ಚೀಸ್ ಕೇಳಿ ಪಡೆದು, ಒಳಗೆ ಕುಂಬಳದ ಹೂವು ಹಾಕಿಸಿಕೊಳ್ಳಿ.

ಮನೆಯ ಅಡುಗೆ ನೆನಪಾದ ದಿನ ಮಾರುಕಟ್ಟೆಗೆ ಹೋಗಿ ‘ಚಯೋತೆ’ ಕೇಳಿ. ಕೈಗೆ ಬರುವುದು ನಮ್ಮ ಸೀಮೆಬದನೆಕಾಯಿ. ಬೆಂಗಳೂರಿನಲ್ಲಿ ಅದನ್ನು ‘ಸೀಮೆ’ಯದು ಎಂದು ಕರೆದರಲ್ಲ, ಆ ಸೀಮೆ ಇದೇ. ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಪಕ್ಕದ ಗುಡ್ಡೆಯಲ್ಲೇ ಇರುತ್ತವೆ. ಕರಿಬೇವು ಮಾತ್ರ ಊರಿನಿಂದ ಬರುವವರ ಕೈಯಲ್ಲಿ ಒಣಗಿಸಿ ತರಿಸಿಕೊಳ್ಳಬೇಕು.