ಗೋಡೆಗೆ ಹಾಕಿದ ಕೌದಿ ಹೊಟ್ಟೆ ಬಿಡಲಿಲ್ಲ: ನನ್ನ ಅನುಭವ

ಹಳೇ ಬಟ್ಟೆಯ ಪದರ ಸೇರಿಸಿ ಹೊಲಿದ ಕೌದಿಯನ್ನು ಗಾಜಿನ ಫ್ರೇಮ್ ಇಲ್ಲದೆ ಗೋಡೆಗೆ ಹಾಕಿದರೆ ಮೂರೇ ತಿಂಗಳಲ್ಲಿ ಹೊಟ್ಟೆ ಬಿಡುತ್ತದೆ, ನಡುವೆ ಉಬ್ಬಿ ಜೋಲುತ್ತದೆ ಅಂತ ಎಲ್ಲರೂ ಹೇಳಿದ್ದರು. ಗಿರಾಕಿಯ ಮನೆಯ ಇಂಟೀರಿಯರ್ ಮಾಡುತ್ತಿದ್ದವರು ಪ್ಲೈವುಡ್ಡಿಗೆ ಅಂಟಿಸಿಬಿಡಿ ಅಂದರು. ನನ್ನ ಜೊತೆ ಹೊಲಿಯುವ ಹಿರಿಯಮ್ಮ, "ಕೌದಿ ಹೊಚ್ಚಿಕೊಳ್ಳಾಕ ಇರೂದ್ರೀ ಅಕ್ಕಾರ, ಗೋಡಿಗ್ಯಾಕ?" ಅಂತ ಕೇಳಿದರು. ಬೆಂಗಳೂರಿನ ಆ ಹಾಲ್‌ನಲ್ಲಿ ಅದು ಎರಡು ಮಳೆಗಾಲ ದಾಟಿದೆ. ಇವತ್ತಿಗೂ ಒಂದು ಸುಕ್ಕಿಲ್ಲ.

ಗಿರಾಕಿ ಕೊಟ್ಟಿದ್ದು ಅವರ ಅಜ್ಜಿಯ ಏಳೆಂಟು ಇಳಕಲ್ ಸೀರೆ. ಆರಡಿ ಎತ್ತರ, ನಾಲ್ಕಡಿ ಅಗಲ ಬೇಕಿತ್ತು. ಇಳಕಲ್ ಸೀರೆಯ ಗುಣ ಗೊತ್ತೇ ಇದೆ. ಒಡಲು ಹತ್ತಿ, ಸೆರಗು ರೇಷ್ಮೆ, ನಡುವೆ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿರುತ್ತಾರೆ. ನೀರು ಬಿದ್ದರೆ ಎರಡೂ ಒಂದೇ ಸಮ ಕುಗ್ಗಲ್ಲ. ಆ ಕೊಂಡಿಯ ಗೆರೆ ಎದ್ದು ಕಾಣಬೇಕು ಅನ್ನೋದು ನನ್ನ ಹಟ. ಅದನ್ನು ಕತ್ತರಿಸಿ ಹಾಕಿದರೆ ಇಳಕಲ್ ಯಾಕೆ ಬೇಕು?

ಮೊದಲು ಪರೀಕ್ಷೆಗೆ ಅಂತ ಒಂದನ್ನು ಹಾಸಿಗೆ ಕೌದಿಯ ಹಾಗೇ ಹೊಲಿದೆವು. ನಾಲ್ಕು ಪದರ, ಅಂಚಿನಿಂದ ಸುತ್ತುತ್ತಾ ಒಳಗೆ. ಎರಡು ವಾರ ತೂಗುಹಾಕಿದ ಮೇಲೆ ನೋಡಿದರೆ ಒಳಪದರ ಜಾರಿ ಅಡ್ಡ ಹೊಲಿಗೆಯ ಮೇಲೆ ಕೂತಿತ್ತು. ನಡುವೆ ದೊಡ್ಡ ಉಬ್ಬು. ಕೂಲಿಯೇ ಆರು ಸಾವಿರದ ಹತ್ತಿರ ಹೋಯಿತು. ಪುಣ್ಯಕ್ಕೆ ಅದಕ್ಕೆ ಹಾಕಿದ್ದು ನನ್ನ ಸ್ವಂತ ಹಳೇ ಸೀರೆಗಳು.

ಆಮೇಲೆ ಎಲ್ಲವನ್ನೂ ನಿಲ್ಲಿಸಿ ನೋಡಿದೆ. ಪದರ ಮೂರಕ್ಕೆ ಇಳಿಸಿದೆ. ಪ್ರತಿ ತುಂಡಿನ ಹಾಸು, ಅಂದರೆ ನೇಯ್ಗೆಯ ಉದ್ದದ ಎಳೆ, ಮೇಲಿಂದ ಕೆಳಗೇ ಬರಬೇಕು, ಒಂದು ತುಂಡೂ ಓರೆ ಇಲ್ಲ. ಹೊಲಿಗೆಯೂ ಮೇಲಿಂದ ಕೆಳಗೆ, ಅರ್ಧ ಬೆರಳಿನ ಅಂತರ. ಮೇಲಿನ ಅರ್ಧ ಅಡಿಯಲ್ಲಿ ಸಾಲು ಎರಡರಷ್ಟು. ಭಾರ ಹೊರುವುದು ಅಲ್ಲೇ ಅಲ್ವಾ? ಕೊಕ್ಕೆ, ಕುಣಿಕೆ ಬೇಡ, ಎರಡರ ನಡುವೆ ಬಟ್ಟೆ ಜೋಲುತ್ತದೆ. ಅಗಲಕ್ಕೂ ಒಂದೇ ನೆಫೆ, ಲಂಗದ ಲಾಡಿಗೆ ಇರುವಂಥ ಕೊಳವೆ, ಹೊಲಿದು ಕೋಲು ತೂರಿಸಿದೆ.

ಮುಖ್ಯವಾದದ್ದು ಇದು. ಕೆಳಗಿನ ಅಂಚು ಮುಚ್ಚದೆ, ಲಘುವಾಗಿ ನೀರು ಚಿಮುಕಿಸಿ, ಹತ್ತು ಹನ್ನೆರಡು ದಿನ ತೂಗುಬಿಟ್ಟೆ. ಎಡಗಡೆ ಹೆಚ್ಚುಕಡಿಮೆ ಅರ್ಧ ಇಂಚು ಇಳಿಯಿತು. ಇಳಿಯೋದೆಲ್ಲ ಇಳಿದ ಮೇಲೆ ಸಮ ಮಾಡಿ ಅಂಚು ಕಟ್ಟಿದೆ. ಮಡಿಕೆಯಲ್ಲಿ ಸೀಳಿದ್ದ ಸೆರಗಿನ ಬೆನ್ನಿಗೆ ಏನು ಕೊಟ್ಟೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಅದು ನನ್ನ ಅನ್ನದ ವಿಷಯ.

ಕೆಳಗಿನ ಎರಡು ಮೂಲೆಗೆ ಯಲ್ಲಾಪುರ, ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ತಮ್ಮ ಕೌದಿಗೆ ಇಡುವಂಥ ಫುಲಾ ಇಟ್ಟೆ. ತ್ರಿಕೋನ ಮಡಿಸಿ ಮಡಿಸಿ ಮಾಡುವ ಹೂವು ಅದು. ಚೆಂದವೂ ಆಯಿತು, ಮೂಲೆ ಸುರುಳುವುದೂ ನಿಂತಿತು. ಸುತ್ತಲೂ ಗುಳೇದಗುಡ್ಡದ ಖಣದ, ಅಂದರೆ ಕುಬಸದ ಬಟ್ಟೆಯ, ಪಟ್ಟಿ ಕೊಟ್ಟು ನೋಡಿದೆ, ಇಳಕಲ್ ಮಂಕಾಗಿ ಕಂಡಿತು, ಬಿಚ್ಚಿದೆ. ಗಿರಾಕಿಗೆ ಕಸೂತಿಯ ತೇರೂ ಬೇಕಿತ್ತು. ಕಸೂತಿಯ ಗವಂತಿ, ಮುರ್ಗಿ ಹೊಲಿಗೆ ಎರಡಕ್ಕೂ ಬಟ್ಟೆಯ ಎಳೆ ಎಣಿಸಬೇಕು, ಮೂರು ಪದರದ ಮೇಲೆ ಆಗದ ಮಾತು. ಒಂದೇ ಪದರದ ಮೇಲೆ ಮೊದಲೇ ತೇರು ತೆಗೆದು, ಆಮೇಲೆ ಕೌದಿಗೆ ಸೇರಿಸಿದೆ. ತೇರಿನ ಮೇಲೆ ಕೌದಿ ಹೊಲಿಗೆ ಹಾಯಿಸಲಿಲ್ಲ, ಸುತ್ತ ಮಾತ್ರ.

ದುಡ್ಡಿನ ಮಾತು. "ಬಟ್ಟೆ ನಮ್ಮದೇ, ಬರೀ ಹೊಲಿಗೆಗೆ ಇಷ್ಟಾ?" ಅಂತ ಗಿರಾಕಿಯೂ ಕೇಳಿದರು. ಇಪ್ಪತ್ತೆಂಟು ಸಾವಿರಕ್ಕೆ ಒಪ್ಪಿದರು. ಇಬ್ಬರು ಹೆಂಗಸರ ಕೂಲಿ ಹದಿನೈದರ ಆಸುಪಾಸು. ದಾರ, ಬೆನ್ನಬಟ್ಟೆ, ಕೋಲು, ಸಾಗಾಟ ಸೇರಿ ಮೂರು. ಮೊದಲನೆಯದರ ನಷ್ಟ ಕಳೆದರೆ ನನಗೆ ನಾಲ್ಕು ಉಳಿಯಿತು ಅಷ್ಟೆ. ಈಗ ಚದರಡಿಗೆ ಸಾವಿರದ ಆರುನೂರು ಹೇಳುತ್ತೇನೆ, ಅರ್ಧ ಮುಂಗಡ. ಪ್ಲೈವುಡ್ ಅಂದಿದ್ದವರೇ ಕಳೆದ ತಿಂಗಳು ಇನ್ನೊಂದು ಮನೆಯ ಆರ್ಡರ್ ಕಳಿಸಿದ್ದಾರೆ.