ಶಾಂಪೂ ತರುವ ಮುನ್ನ ತಲೆಯ ಬುಡ ನೋಡಿ, ನಲ್ಲಿಯ ನೀರು ನೋಡಿ

ಅಂಗಡಿಯ ಶಾಂಪೂ ಸಾಲಿನ ಮುಂದೆ ನಿಂತಾಗ ಯಾವುದನ್ನು ಎತ್ತಿಕೊಳ್ಳಬೇಕು ಅಂತ ತಿಳಿಯುವುದೇ ಇಲ್ಲ ಅಲ್ವಾ? ಒಣ ಕೂದಲಿಗೆ ಒಂದು, ಉದುರುವ ಕೂದಲಿಗೆ ಇನ್ನೊಂದು, ಈರುಳ್ಳಿಯದ್ದು, ಗರುಗದ್ದು, ಇದ್ದಿಲಿನದ್ದು. ಕೊನೆಗೆ ಪಕ್ಕದ ಮನೆಯವರು ಹೇಳಿದ್ದನ್ನೋ ಆಫರ್ ಇರುವುದನ್ನೋ ತರುತ್ತೇವೆ. ಅವರ ತಲೆಗೆ ಒಗ್ಗಿದ್ದು ನಮಗೆ ಒಗ್ಗದಿದ್ದಾಗ ಶಾಂಪೂವನ್ನು ಬೈಯುತ್ತೇವೆ.

ಶಾಂಪೂವಿನ ಮುಖ್ಯ ಕೆಲಸ ತಲೆಯ ಚರ್ಮದ ಮೇಲೆ ಕೂತ ಎಣ್ಣೆ, ಬೆವರು, ದೂಳು ತೆಗೆಯುವುದು. ಹಾಗಾಗಿ ಆಯ್ಕೆಗೆ ಮುಂಚೆ ಎರಡು ವಿಷಯ ಗೊತ್ತಿರಬೇಕು. ನಿಮ್ಮ ತಲೆಯ ಚರ್ಮ ಎಷ್ಟು ಎಣ್ಣೆ ಬಿಡುತ್ತದೆ? ತಲೆಗೆ ಹಾಕಿಕೊಳ್ಳುವ ನೀರು ಎಂಥದ್ದು? ಮೈಸೂರು, ಮಂಡ್ಯ ಕಡೆಯವರು ಎರಡನೆಯದನ್ನು ಮರೆಯುವಂತೆಯೇ ಇಲ್ಲ. ಒಂದು ಬೀದಿಗೆ ಕಾವೇರಿ ನೀರು ಬಂದರೆ, ಸ್ವಲ್ಪ ಆಚೆಗಿನ ಬಡಾವಣೆ ಬೋರ್‌ವೆಲ್ ನೀರನ್ನೇ ನಂಬಿಕೊಂಡಿರುತ್ತದೆ.

ಹೆಜ್ಜೆ 1: ಬುಡ ಬೇರೆ, ತುದಿ ಬೇರೆ

ಇರುವ ಶಾಂಪೂವಿನಲ್ಲೇ ತಲೆ ತೊಳೆದುಕೊಳ್ಳಿ. ಒಣಗಿದ ಮೇಲೆ ಎಣ್ಣೆ ಹಚ್ಚಬೇಡಿ. ಮಾರನೇ ದಿನ ಸಂಜೆ ಒಂದು ಟಿಶ್ಯೂ ಪೇಪರನ್ನು ನೆತ್ತಿಯ ಮೇಲೆ, ಕಿವಿಯ ಹಿಂದೆ ಒತ್ತಿ ನೋಡಿ. ಕಾಗದದ ಮೇಲೆ ಎಣ್ಣೆ ಕಲೆ ಚೆನ್ನಾಗಿ ಮೂಡಿದರೆ ನಿಮ್ಮದು ಎಣ್ಣೆ ಜಾಸ್ತಿ ಬಿಡುವ ತಲೆ. ಮೂರನೇ ದಿನವೂ ಕಲೆ ಇಲ್ಲ, ಚರ್ಮ ಬಿಗಿದಂತಿದೆ, ಸುಮ್ನೆ ಕೆರೆತ ಬರುತ್ತದೆ ಅಂದರೆ ಒಣ ತಲೆ. ಹೆಚ್ಚಿನವರದು ಇವೆರಡರ ನಡುವೆ.

ಆಮೇಲೆ ತುದಿ ನೋಡಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 60 ಸೆಂಟಿಮೀಟರ್ ಉದ್ದದ ಜಡೆಯ ತುದಿಗೆ ಹತ್ತಿರಹತ್ತಿರ 5 ವರ್ಷ ವಯಸ್ಸು. ಅಷ್ಟು ವರ್ಷದ ಬಿಸಿಲು, ಬಾಚಣಿಗೆ, ರಬ್ಬರ್ ಬ್ಯಾಂಡ್ ಎಲ್ಲವನ್ನೂ ಅದು ತಾಳಿಕೊಂಡು ಬಂದಿದೆ. ಬುಡದಲ್ಲಿ ಎಣ್ಣೆ, ತುದಿಯಲ್ಲಿ ಒರಟು ಅನ್ನುವುದು ಉದ್ದ ಕೂದಲಿನವರಲ್ಲಿ ತೀರಾ ಸಾಮಾನ್ಯ. ಇಂಥವರು ‘ಒಣ ಕೂದಲಿಗೆ’ ಅಂತ ಬರೆದ ಶಾಂಪೂ ತಂದರೆ ಬುಡ ಜಿಡ್ಡಾಗಿಯೇ ಉಳಿಯುತ್ತದೆ. ಶಾಂಪೂವನ್ನು ಬುಡ ನೋಡಿ ಆರಿಸಿ, ತುದಿಯನ್ನು ಕಂಡೀಷನರ್‌ಗೆ ಬಿಡಿ. ಈ ಒಂದು ಮಾತು ಹಿಡಿದುಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯಿತು.

ಗುಂಗುರು ಕೂದಲಿನವರ ಕತೆ ಸ್ವಲ್ಪ ಬೇರೆ. ಬುಡದ ಎಣ್ಣೆ ಸುರುಳಿ ದಾಟಿ ತುದಿಗೆ ಹೋಗುವುದೇ ಕಷ್ಟ. ಹಾಗಾಗಿ ಅವರಿಗೆ ಮೆದು ಶಾಂಪೂ ಬೇಕು, ತೊಳೆಯುವ ಸರದಿಯೂ ಕಡಿಮೆ ಇರಬೇಕು. ತೆಳು, ನೇರ ಕೂದಲಿನವರಿಗೆ ಬೆಣ್ಣೆ, ಎಣ್ಣೆಗಳು ತುಂಬಿದ ಗಟ್ಟಿ ಶಾಂಪೂ ಆಗಿಬರುವುದಿಲ್ಲ, ಕೂದಲು ತಲೆಗೆ ಅಂಟಿಕೊಂಡಂತೆ ಕಾಣುತ್ತದೆ. ಕೂದಲು ಎಷ್ಟು ನೀರು ಹೀರುತ್ತದೆ ಅಂತ ತಿಳಿಯಲು ಲೋಟದ ನೀರಿನಲ್ಲಿ ಅದನ್ನು ತೇಲಿಸಿ ನೋಡುವ ಪರೀಕ್ಷೆಯನ್ನು ಮೊಬೈಲಿನಲ್ಲಿ ನೋಡಿರುತ್ತೀರಿ. ಅದನ್ನು ನಂಬಬೇಡಿ. ಕೂದಲ ಮೇಲೆ ಒಂದಿಷ್ಟು ಎಣ್ಣೆ ಇದ್ದರೂ ಫಲಿತಾಂಶ ಬದಲಾಗುತ್ತದೆ.

ಹೆಜ್ಜೆ 2: ನೀರಿನ ಗುಣ ತಿಳಿಯಿರಿ

ಮೈಸೂರಿಗೆ ಕಾವೇರಿ ಮತ್ತು ಕಬಿನಿ ನೀರು ಬರುತ್ತದೆ. ಕೆಆರ್‌ಎಸ್ ಅಣೆಕಟ್ಟೆ ಇರುವುದೇ ಮಂಡ್ಯ ಜಿಲ್ಲೆಯಲ್ಲಿ. ಹಾಗಿದ್ದರೂ ಊರಾಚೆಯ ಬಡಾವಣೆ, ಪಿಜಿ, ಅಪಾರ್ಟ್‌ಮೆಂಟ್, ನಾಗಮಂಗಲದಂಥ ಒಣ ಸೀಮೆಯ ಹಳ್ಳಿಗಳಲ್ಲಿ ಸ್ನಾನಕ್ಕೆ ಬೋರ್‌ವೆಲ್ ನೀರೇ ಗತಿ. ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿದ್ದರೆ ಅದನ್ನು ಗಡಸು ನೀರು ಅನ್ನುತ್ತೇವೆ. ಆ ಲವಣ ಕೂದಲ ಮೇಲೆ ಕೂರುತ್ತದೆ. ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಹೊಳಪು ಹೋಗುತ್ತದೆ. ಓದಲು ಹಾಸ್ಟೆಲ್ ಸೇರಿದ ಮಗಳ ಕೂದಲು ಎರಡೇ ತಿಂಗಳಲ್ಲಿ ಕೆಟ್ಟಿತು ಅಂತ ತಾಯಂದಿರು ಕೊರಗುತ್ತಾರಲ್ಲ, ಅಲ್ಲಿ ಮೊದಲು ಕೇಳಬೇಕಾದದ್ದು ಶಾಂಪೂವಿನ ಹೆಸರನ್ನಲ್ಲ, ಹಾಸ್ಟೆಲ್ಲಿನ ನೀರು ಎಲ್ಲಿಂದ ಬರುತ್ತದೆ ಅನ್ನುವುದನ್ನು.

ಗಡಸು ನೀರನ್ನು ಗುರುತಿಸಲು ಲ್ಯಾಬ್ ಬೇಕಿಲ್ಲ. ಬಕೆಟ್ಟಿನ ಅಂಚಿಗೆ, ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟುತ್ತದೆ. ಎಷ್ಟು ವಿಷಲ್ ಕೂಗಿಸಿದರೂ ಬೇಳೆ ಕರಗುವುದಿಲ್ಲ. ಇನ್ನೂ ಅನುಮಾನ ಇದ್ದರೆ ಒಂದು ಪ್ಲಾಸ್ಟಿಕ್ ಬಾಟಲಿಗೆ ಅರ್ಧ ನೀರು ತುಂಬಿ, ಸ್ನಾನದ ಸೋಪಿನ ಒಂದೆರಡು ಚೂರು ಹಾಕಿ ಜೋರಾಗಿ ಅಲ್ಲಾಡಿಸಿ. ನೊರೆ ಎದ್ದು ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಕಡಿಮೆ, ನೀರು ಬೆಳ್ಳಗೆ ಒಡೆದಂತೆ ಕಂಡರೆ ಗಡಸು. ಬಟ್ಟೆ ಸೋಪು ಬೇಡ, ಅದರಲ್ಲಿ ಡಿಟರ್ಜೆಂಟ್ ಬೆರೆತಿರಬಹುದು.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ತನಕ ಗಡಸುತನ ಇರಬಹುದು. ಬೇರೆ ನೀರೇ ಇಲ್ಲದ ಕಡೆ 600ರ ತನಕ ಒಪ್ಪುತ್ತಾರೆ. ಹಾಗಾಗಿ ‘ಕುಡಿಯೋಕೆ ಪರವಾಗಿಲ್ಲ’ ಅಂದ ನೀರು ತಲೆಗೂ ಒಳ್ಳೆಯದು ಅಂದುಕೊಳ್ಳಬೇಡಿ.

ನೀರು ಗಡಸಾಗಿದ್ದರೆ ಮೊದಲು ತಲೆಗೆ ಸೋಪು ಹಾಕುವುದನ್ನು ನಿಲ್ಲಿಸಿ. ಮೈಗೆ ಹಾಕಿದ ಸೋಪನ್ನೇ ತಲೆಗೂ ಉಜ್ಜಿಕೊಳ್ಳುವ ಗಂಡಸರು ಇದನ್ನು ದಯವಿಟ್ಟು ಗಮನಿಸಿ. ಸೋಪು ಗಡಸು ನೀರಿನ ಲವಣದ ಜೊತೆ ಸೇರಿ ಜಿಗುಟು ಕೊಳೆಯಾಗಿ ಕೂದಲಿಗೆ ಅಂಟುತ್ತದೆ. ಮೇಲಾಗಿ ಸೋಪಿನ ಪಿಎಚ್ (ಆಮ್ಲ, ಕ್ಷಾರದ ಅಳತೆ; 7ಕ್ಕಿಂತ ಹೆಚ್ಚಿದ್ದರೆ ಕ್ಷಾರ, ಕಡಿಮೆ ಇದ್ದರೆ ಆಮ್ಲ) 9ರಿಂದ 10 ಇರುತ್ತದೆ, ತಲೆಯ ಚರ್ಮದ್ದು ಸುಮಾರು 5.5. ಶಾಂಪೂ ಕೊಳ್ಳುವಾಗ ಹಿಂದಿನ ಪಟ್ಟಿಯಲ್ಲಿ ‘ಇಡಿಟಿಎ’ (EDTA) ಅನ್ನುವ ಅಕ್ಷರಗಳನ್ನು ಹುಡುಕಿ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ವಸ್ತು. ‘ಕ್ಲಾರಿಫೈಯಿಂಗ್’ ಅಂತ ಬರೆದ ಶಾಂಪೂವನ್ನು ತಿಂಗಳಿಗೆ ಒಂದೆರಡು ಸಲ ಬಳಸಿದರೆ ಕೂತ ಪೊರೆ ಇಳಿಯುತ್ತದೆ, ದಿನಾ ಬೇಡ. ಕಾವೇರಿ ನೀರೋ ಹಿಡಿದಿಟ್ಟ ಮಳೆ ನೀರೋ ಇದ್ದರೆ ಕೊನೆಯ ಎರಡು ಚೊಂಬು ಅದನ್ನೇ ಸುರಿದುಕೊಳ್ಳಿ.

ಹೆಜ್ಜೆ 3: ಬಾಟಲಿಯ ಬೆನ್ನು ಓದಿ

ಮುಂಭಾಗ ಇರುವುದು ಮಾರುವುದಕ್ಕೆ. ಒಳಗೇನಿದೆ ಅಂತ ತಿಳಿಯುವುದು ಹಿಂಭಾಗದ ಸಣ್ಣಕ್ಷರದಲ್ಲಿ. ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ ಬರುತ್ತದೆ. ಶೇ 1ಕ್ಕಿಂತ ಕಡಿಮೆ ಇರುವವು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಇರಬಹುದು. ಮೊದಲನೆಯದು ಸಾಮಾನ್ಯವಾಗಿ ನೀರು. ಅದರ ನಂತರ ಬರುವ ಎರಡು ಮೂರು ಹೆಸರುಗಳೇ ಕೊಳೆ ತೆಗೆಯುವವು.

‘ಸೋಡಿಯಂ ಲಾರಿಲ್ ಸಲ್ಫೇಟ್’ ಖಡಕ್ಕಾಗಿ ತೊಳೆಯುತ್ತದೆ. ‘ಸೋಡಿಯಂ ಲಾರೆತ್ ಸಲ್ಫೇಟ್’ ಅದಕ್ಕಿಂತ ಮೆದು. ಎರಡರ ಹೆಸರೂ ಒಂದೇ ಥರ ಇರುವುದರಿಂದ ನಿಧಾನವಾಗಿ ಓದಿ. ಜೊತೆಗೆ ‘ಕೊಕಾಮಿಡೋಪ್ರೊಪೈಲ್ ಬೀಟೇನ್’ ಇದ್ದರೆ ಒಟ್ಟು ಮಿಶ್ರಣದ ಖಾರ ಇನ್ನೂ ತಗ್ಗುತ್ತದೆ. ಸಲ್ಫೇಟ್ ಅಂದ ಕೂಡಲೇ ವಿಷ ಅನ್ನುವಂತೆ ಹೆದರಿಸುವುದು ನನಗೆ ಸರಿ ಕಾಣುವುದಿಲ್ಲ. ದಿನವಿಡೀ ಹೆಲ್ಮೆಟ್ ಹಾಕಿ ಮೈಸೂರು, ಮಂಡ್ಯ ನಡುವೆ ಓಡಾಡುವವರಿಗೆ, ಆಲೆಮನೆಯ ಹೊಗೆಯಲ್ಲಿ ದುಡಿಯುವವರಿಗೆ, ಎಣ್ಣೆ ಜಾಸ್ತಿ ಬಿಡುವ ತಲೆಯವರಿಗೆ ಲಾರೆತ್ ಸಲ್ಫೇಟ್ ಇರುವ ಸಾಮಾನ್ಯ ಶಾಂಪೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಣ ತಲೆ, ಗುಂಗುರು, ಬಣ್ಣ ಹಾಕಿಸಿದ ಅಥವಾ ನೇರ ಮಾಡಿಸಿದ ಕೂದಲು ಇರುವವರು ಮಾತ್ರ ಸಲ್ಫೇಟ್ ಇಲ್ಲದ್ದಕ್ಕೆ ಹೆಚ್ಚು ದುಡ್ಡು ಕೊಟ್ಟರೆ ಅದಕ್ಕೊಂದು ಅರ್ಥ ಇದೆ.

‘ಡೈಮೆಥಿಕೋನ್’ ಅನ್ನುವುದು ಸಿಲಿಕೋನ್. ಕೂದಲ ಮೇಲೆ ತೆಳು ಪದರ ಹೊದಿಸಿ ನುಣುಪು ಕೊಡುತ್ತದೆ. ಒರಟು ಕೂದಲಿಗೆ ಒಳ್ಳೆಯದು, ತೆಳು ಕೂದಲಿಗೆ ಭಾರ.

ಇನ್ನು ಮುಂಭಾಗದಲ್ಲಿ ದೊಡ್ಡದಾಗಿ ಚಿತ್ರ ಹಾಕಿದ ಈರುಳ್ಳಿಯೋ ಗರುಗವೋ ಹಿಂದಿನ ಪಟ್ಟಿಯಲ್ಲಿ ಎಷ್ಟನೆಯದು ಅಂತ ಎಣಿಸಿ. ಸುಗಂಧದ ನಂತರ ಬಂದಿದ್ದರೆ ಅದು ಹೆಸರಿಗಷ್ಟೇ ಇದೆ ಅಂತ ತಿಳಿಯಿರಿ. ಶಾಂಪೂ ತಲೆಯ ಮೇಲೆ ನಿಲ್ಲುವುದೇ ಒಂದೆರಡು ನಿಮಿಷ. ಅಷ್ಟರಲ್ಲಿ ಅದು ಹೊಸ ಕೂದಲು ಹುಟ್ಟಿಸಲಾರದು. ಈ ಆಸೆಗೆ ಬಿದ್ದು ಸಾವಿರ ರೂಪಾಯಿಯ ಬಾಟಲಿ ತರುವವರನ್ನು ಕಂಡರೆ ಸಂಕಟವಾಗುತ್ತದೆ.

ಹೊಟ್ಟು ಇದ್ದರೆ ದಾರಿ ಬೇರೆ

ಹೊಟ್ಟು ಕಂಡ ತಕ್ಷಣ ‘ತಲೆ ಒಣಗಿದೆ, ಎಣ್ಣೆ ಹಚ್ಚು’ ಅನ್ನುವುದು ನಮ್ಮ ಮನೆಗಳ ವಾಡಿಕೆ. ನಿಜವಾದ ತಲೆಹೊಟ್ಟಿನ ಹಿಂದೆ ಮಲಸೇಜಿಯಾ ಅನ್ನುವ ಸೂಕ್ಷ್ಮ ಶಿಲೀಂಧ್ರದ ಕೈ ಇರುತ್ತದೆ. ಅದು ಎಲ್ಲರ ತಲೆಯಲ್ಲೂ ಇರುತ್ತದೆ, ತಲೆಯ ಎಣ್ಣೆಯನ್ನೇ ತಿಂದು ಬದುಕುತ್ತದೆ. ಕೆಲವರ ಚರ್ಮಕ್ಕೆ ಅದು ಒಗ್ಗುವುದಿಲ್ಲ, ಆಗ ಕೆರೆತ, ಹೊಟ್ಟು ಶುರುವಾಗುತ್ತವೆ. ಇಂಥ ತಲೆಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟರೆ ಶಿಲೀಂಧ್ರಕ್ಕೆ ಊಟ ಬಡಿಸಿದಂತೆ.

ಪುಡಿಪುಡಿಯಾಗಿ, ಬೆಳ್ಳಗೆ, ಒಣಗಿದಂತೆ ಉದುರಿದರೆ ಅದು ಬರೀ ಒಣಚರ್ಮ ಇರಬಹುದು. ಮೆದು ಶಾಂಪೂಗೆ ಬದಲಾಯಿಸಿದರೆ ಸಾಕಾಗಬಹುದು. ಚಕ್ಕೆ ದೊಡ್ಡದು, ಜಿಡ್ಡುಜಿಡ್ಡು, ತುಸು ಹಳದಿ, ಜೊತೆಗೆ ಕೆರೆತ ಅಂದರೆ ಔಷಧಿ ಶಾಂಪೂ ಬೇಕು. ಜಿಂಕ್ ಪೈರಿಥಿಯೋನ್ ಇರುವುದು ಸಾಮಾನ್ಯ ಅಂಗಡಿಯಲ್ಲೂ ಸಿಗುತ್ತದೆ. ಅದರಲ್ಲಿ ಹೋಗದಿದ್ದರೆ ಔಷಧಿ ಅಂಗಡಿಯ ಶೇ 2ರ ಕೀಟೋಕೊನಝೋಲ್ ಶಾಂಪೂ ಇದೆ. ವಾರಕ್ಕೆ ಎರಡು ಸಲ, 2ರಿಂದ 4 ವಾರ ಬಳಸುವುದು ರೂಢಿ. ಎಲ್ಲರೂ ತಪ್ಪುವುದು ಒಂದು ಕಡೆ. ಹಚ್ಚಿದ ಕೂಡಲೇ ತೊಳೆದುಬಿಡುತ್ತಾರೆ. ಇದು ಬುಡದಲ್ಲಿ 3ರಿಂದ 5 ನಿಮಿಷ ಇರಲೇಬೇಕು. ಬಸುರಿಯರು, ಬಾಣಂತಿಯರು ಹಾಗೂ ಮಕ್ಕಳಿಗೆ ಕೊಳ್ಳುವವರು ವೈದ್ಯರನ್ನು ಕೇಳಿಯೇ ಬಳಸಿ.

ಹೆಜ್ಜೆ 4: ಪೊಟ್ಟಣ ತನ್ನಿ, ಪರೀಕ್ಷೆ ಮಾಡಿ

ನಮ್ಮಲ್ಲಿ ಗೂಡಂಗಡಿಯಲ್ಲೂ ಶಾಂಪೂ ಪೊಟ್ಟಣ ತೂಗುಹಾಕಿರುತ್ತಾರೆ. ದೊಡ್ಡ ಬಾಟಲಿಗೆ ದುಡ್ಡು ಸುರಿಯುವ ಮುಂಚೆ ಅದೇ ಶಾಂಪೂವಿನ ನಾಲ್ಕು ಪೊಟ್ಟಣ ತನ್ನಿ. ಪೂರ್ತಿ ಹೆಸರು ಹೊಂದಬೇಕು, ಒಂದೇ ಬ್ರ್ಯಾಂಡಿನಲ್ಲಿ ಹತ್ತು ಬಗೆ ಇರುತ್ತವೆ. ಅಲರ್ಜಿ ಇರುವವರು ಮೊದಲು ಒಂದು ಹನಿಗೆ ನೀರು ಬೆರೆಸಿ ಮೊಳಕೈಯ ಒಳಭಾಗಕ್ಕೆ ಹಚ್ಚಿ, ತುಸು ಹೊತ್ತಿಗೆ ತೊಳೆದು, ಎರಡು ದಿನ ಕಾದು ನೋಡಿ.

ಎರಡು ವಾರ ಅದೊಂದನ್ನೇ ಬಳಸಿ. ಆ ಹೊತ್ತಿನಲ್ಲಿ ಎಣ್ಣೆ, ಕಂಡೀಷನರ್ ಯಾವುದನ್ನೂ ಬದಲಾಯಿಸಬೇಡಿ, ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ತೊಳೆದ ದಿನದ ಘಮ, ನುಣುಪು ನೋಡಿ ತೀರ್ಪು ಕೊಡಬೇಡಿ. ಎರಡನೇ ದಿನ, ಮೂರನೇ ದಿನ ನೋಡಿ. ಕೆರೆತ ಇದೆಯೇ? ಜಿಡ್ಡು ಯಾವಾಗ ಮರಳಿತು? ಬಾಚುವಾಗ ಸಿಕ್ಕು ಹೆಚ್ಚಾಯಿತೇ? ಉರಿಯೋ ಗುಳ್ಳೆಯೋ ಬಂದರೆ ಆವತ್ತೇ ನಿಲ್ಲಿಸಿ.

ತೊಳೆದ ದಿನ ಕೈಗೆ ಬರುವ ಕೂದಲು ನೋಡಿ ಹೆದರಿ ಶಾಂಪೂ ಬಿಡುವವರು ಬಹಳ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ವಾರಕ್ಕೊಮ್ಮೆ ತಲೆಗೆ ನೀರು ಹಾಕುವವರಲ್ಲಿ, ಆಗಲೇ ಕಳಚಿ ಜಡೆಯೊಳಗೆ ಸಿಕ್ಕಿಕೊಂಡಿದ್ದ ಕೂದಲೆಲ್ಲ ಆ ದಿನ ಒಟ್ಟಿಗೆ ಬರುತ್ತದೆ.

ಎಣ್ಣೆ ನೀರು, ಸೀಗೆ, ಚಿಗರೆ

ತಲೆಗೆ ಎಣ್ಣೆ ಹಚ್ಚುವುದನ್ನು ನಾನು ಬೇಡ ಅನ್ನುವುದಿಲ್ಲ. ಹೊಟ್ಟು ಇಲ್ಲದವರು ತೊಳೆಯುವ ಮುಂಚೆ ಕೂದಲ ಉದ್ದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದರೆ ಲಾಭ ಇದೆ. ಅದು ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ, ಮಿನರಲ್ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆ ತಗ್ಗಿಸುವುದಿಲ್ಲ ಅಂತ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ದೀಪಾವಳಿ, ಯುಗಾದಿಗೆ ಹಚ್ಚುವ ಹರಳೆಣ್ಣೆ ಮಾತ್ರ ಗಟ್ಟಿ. ಸಲ್ಫೇಟ್ ಇಲ್ಲದ ಮೆದು ಶಾಂಪೂಗೆ ಅದು ಬೇಗ ಬಗ್ಗುವುದಿಲ್ಲ. ಆವತ್ತು ಸಾಮಾನ್ಯ ಶಾಂಪೂವನ್ನೇ ಸ್ವಲ್ಪ ಸ್ವಲ್ಪ ಎರಡು ಸಲ ಹಾಕಿ, ಇಲ್ಲವೇ ಸೀಗೆಪುಡಿಗೆ ಹೋಗಿ.

ದೇವರಾಜ ಮಾರುಕಟ್ಟೆಯ ಸುತ್ತಿನ ಗ್ರಂದಿಗೆ ಅಂಗಡಿಗಳಲ್ಲಿ ಸೀಗೆಕಾಯಿ, ಅಂಟುವಾಳ, ಚಿಗರೆ ಪುಡಿ ಕೇಳಿ ನೋಡಿ. ಸೀಗೆ, ಅಂಟುವಾಳಗಳಲ್ಲಿ ಸಪೋನಿನ್ ಅನ್ನುವ ನೊರೆ ಬಿಡುವ ವಸ್ತು ಇದೆ, ಕೊಳೆ ತೆಗೆಯುವುದು ಅದೇ. ಚಿಗರೆಯನ್ನು ಕೆಲವು ಕಡೆ ಸುಜ್ಜಲು ಅನ್ನುತ್ತಾರೆ, ಕೂದಲನ್ನು ಮೆದುವಾಗಿಸುತ್ತದೆ ಅಂತ ಸೀಗೆಯ ಜೊತೆ ಬೆರೆಸುವ ಮನೆಗಳಿವೆ. ಪುಡಿ ನುಣ್ಣಗೆ ಇರಲಿ, ಜರಡಿ ಹಿಡಿಯಿರಿ, ಕಣ್ಣು ಜೋಪಾನ. ಇವು ಒಗ್ಗಿದವರು ಬಿಡಬೇಕಿಲ್ಲ. ‘ಸೀಗೆ ಶಾಂಪೂ’ ಅಂತ ಬಾಟಲಿಯಲ್ಲಿ ಬರುವುದು ಬೇರೆ, ಅದರ ಬೆನ್ನನ್ನೂ ಓದಿ.

ಹೆಜ್ಜೆ 5: ಹಾಕುವ ರೀತಿ

ತಲೆ ಪೂರ್ತಿ ಒದ್ದೆಯಾಗಲಿ. ಹಂಡೆಯ ಕುದಿನೀರು ಬೇಡ, ಉಗುರುಬೆಚ್ಚಗೆ ಸಾಕು. ಶಾಂಪೂವನ್ನು ಚೊಂಬಿನಲ್ಲಿ ನೀರಿಗೆ ಬೆರೆಸಿ ಹಾಕುವುದು ಒಳ್ಳೆಯ ಅಭ್ಯಾಸ, ಬುಡಕ್ಕೆ ಸಮನಾಗಿ ಹರಡುತ್ತದೆ. ಆದರೆ ಬೆರೆಸಿದ್ದನ್ನು ಮುಂದಿನ ವಾರಕ್ಕೆ ಎತ್ತಿಡಬೇಡಿ, ನೀರು ಸೇರಿದ ಮೇಲೆ ಅದರಲ್ಲಿ ಕ್ರಿಮಿ ಬೆಳೆಯಬಹುದು. ಉಗುರು ತಾಗಿಸದೆ ಬೆರಳ ತುದಿಯಲ್ಲಿ ಬುಡವನ್ನಷ್ಟೇ ಉಜ್ಜಿ. ಇಳಿದು ಬರುವ ನೊರೆಯೇ ತುದಿಗೆ ಸಾಕು. ಕಂಡೀಷನರ್ ಕಿವಿಯಿಂದ ಕೆಳಕ್ಕೆ ಮಾತ್ರ.

ಎಷ್ಟು ದಿನಕ್ಕೊಮ್ಮೆ? ಎಣ್ಣೆ ತಲೆಯವರು ದಿನ ಬಿಟ್ಟು ದಿನ ತೊಳೆದರೂ ತೊಂದರೆ ಇಲ್ಲ. ಒಣ ತಲೆಗೆ, ಗುಂಗುರಿಗೆ ವಾರಕ್ಕೆ ಒಂದೆರಡು ಸಲ. ಏಪ್ರಿಲ್ ಬಿಸಿಲಿಗೂ ಡಿಸೆಂಬರ್ ಚಳಿಗೂ ಈ ಲೆಕ್ಕ ಬದಲಾಗುತ್ತದೆ.

ಶಾಂಪೂ ಬದಲಾಯಿಸಿ ಸರಿಯಾಗದ ಸಂಗತಿಗಳೂ ಇವೆ. ನಾಣ್ಯದಗಲ ಕೂದಲು ಹೋಗಿ ಚರ್ಮ ಕಾಣುತ್ತಿದ್ದರೆ, ಕೀವು ಬಂದರೆ, ಹೊಟ್ಟು ಹುಬ್ಬಿಗೂ ಮೂಗಿನ ಪಕ್ಕಕ್ಕೂ ಹರಡಿದ್ದರೆ, ಮಗುವಿನ ತಲೆಯಲ್ಲಿ ಅಲ್ಲಲ್ಲಿ ಕೂದಲು ಉದುರಿದ್ದರೆ ಚರ್ಮದ ವೈದ್ಯರ ಬಳಿ ಹೋಗಿ. ಜೋರು ಜ್ವರ ಅಥವಾ ಹೆರಿಗೆ ಆದ ಎರಡು ಮೂರು ತಿಂಗಳಿಗೆ ಕಂತೆ ಕಂತೆ ಉದುರುವುದು ಉಂಟು. ಅದು ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ, ಆದರೂ ಆರು ತಿಂಗಳು ದಾಟಿದರೆ ತೋರಿಸಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಎರಡರಲ್ಲೂ ಚರ್ಮರೋಗ ವಿಭಾಗ ಇದೆ. ಹೋಗುವಾಗ ಈಗ ಬಳಸುತ್ತಿರುವ ಶಾಂಪೂ, ಎಣ್ಣೆ, ತಲೆಯ ಬಣ್ಣ ಎಲ್ಲದರ ಹಿಂಭಾಗದ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ, ವೈದ್ಯರು ಅದನ್ನೇ ಮೊದಲು ಕೇಳಬಹುದು.